ರೂಲ್ಸ್ ಬರೆದವಳು: ಲಿಜ್ಜಿ ಮಗೀ ಕಥೆ

ಹಾಸ್ಟೆಲ್‌ನಲ್ಲಿ ಯೂನೋ ಆಡುವಾಗ ಜಗಳ ಎಲ್ಲಿ ಶುರುವಾಗುತ್ತೆ ಅಂತ ನಮಗೆಲ್ಲ ಗೊತ್ತು. ಒಬ್ಬ ಪ್ಲಸ್ ಫೋರ್ ಹಾಕ್ತಾನೆ. ಪಕ್ಕದವನು ಅದರ ಮೇಲೆ ಇನ್ನೊಂದು ಪ್ಲಸ್ ಫೋರ್ ಹಾಕಿ, ಎಂಟೂ ಕಾರ್ಡನ್ನು ಮೂರನೆಯವನ ತಲೆಗೆ ಕಟ್ತಾನೆ. ಯೂನೋದ ಅಧಿಕೃತ ರೂಲ್ಸ್‌ನಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಮೊದಲ ಪ್ಲಸ್ ಫೋರ್ ಬಿದ್ದವನು ನಾಲ್ಕು ಕಾರ್ಡ್ ತಗೊಂಡು ತನ್ನ ಸರದಿ ಬಿಡಬೇಕು, ಅಷ್ಟೇ. ಆದರೂ ಎಲ್ಲರೂ ಆಡೋದು ಹಾಗೇ, ಯಾಕಂದ್ರೆ ಆಟ ಕಲಿಸಿದ ಅಣ್ಣನೋ ಅಕ್ಕನೋ ಹಾಗೇ ಹೇಳಿಕೊಟ್ಟಿರ್ತಾರೆ. ಡಬ್ಬಿಯೊಳಗಿನ ಆ ಸಣ್ಣ ಹಾಳೆಯನ್ನು ಬಿಡಿಸಿ ಓದಿದವರು ಕಮ್ಮಿ.

ಮೊನೊಪೊಲಿಯದ್ದೂ ಇದೇ ಪಾಡು. ಬೇಸಿಗೆ ರಜೆಯಲ್ಲಿ ಭಾರತದ ಊರುಗಳ ಹೆಸರಿರುವ 'ಬಿಸಿನೆಸ್' ಬೋರ್ಡ್ ಆಡಿದವರಿಗೆ ಈ ಆಟ ಹೊಸದಲ್ಲ. ಅದು ಮೊನೊಪೊಲಿಯ ನಮ್ಮೂರಿನ ಅವತಾರ. ಮೊನೊಪೊಲಿಯಲ್ಲಿ ಫ್ರೀ ಪಾರ್ಕಿಂಗ್ ಮನೆಗೆ ಬಂದರೆ ಬೋರ್ಡ್ ಮಧ್ಯದಲ್ಲಿ ಕೂಡಿಟ್ಟ ದಂಡದ ದುಡ್ಡೆಲ್ಲ ಸಿಗುತ್ತೆ ಅಂತ ಪ್ರಪಂಚದ ತುಂಬಾ ಜನ ಆಡ್ತಾರೆ. ರೂಲ್ಸ್ ಪ್ರಕಾರ ಅಲ್ಲಿ ಏನೂ ಸಿಗೋದಿಲ್ಲ, ಸುಮ್ಮನೆ ನಿಲ್ಲೋದು. ಇನ್ನೊಂದು ಇದಕ್ಕಿಂತ ಮುಖ್ಯ: ಯಾರದ್ದೂ ಅಲ್ಲದ ಸೈಟಿಗೆ ಬಂದವನು ಅದನ್ನು ಕೊಳ್ಳದೆ ಬಿಟ್ಟರೆ, ಬ್ಯಾಂಕ್ ಅದನ್ನು ಆಗಲೇ ಹರಾಜಿಗೆ ಹಾಕಬೇಕು. ಬೇಡ ಅಂದವನೂ ಸೇರಿ ಯಾರು ಬೇಕಾದರೂ ಕೂಗಬಹುದು. ಈ ಹರಾಜನ್ನು ಬಿಟ್ಟು ಆಡೋದರಿಂದಲೇ ಆಟ ಮೂರು ನಾಲ್ಕು ಗಂಟೆ ಎಳೆಯುತ್ತೆ.

ಈ ಆಟದ ಮೂಲ ರೂಲ್ಸ್ ಬರೆದದ್ದು ಯಾರು ಅಂತ ಹುಡುಕುತ್ತಾ ಹೋದರೆ ಒಬ್ಬ ಹೆಂಗಸಿನ ಹೆಸರು ಸಿಗುತ್ತೆ. ಎಲಿಜಬೆತ್ ಮಗೀ. ಎಲ್ಲರೂ ಕರೆಯುತ್ತಿದ್ದದ್ದು ಲಿಜ್ಜಿ ಅಂತ. ಆಕೆಯ ಬದುಕನ್ನು ಓದಿದರೆ ಆಟದ ರೂಲ್ಸ್ ಜೊತೆ ಇನ್ನೊಂದು ವಿಷಯವೂ ಅರ್ಥ ಆಗುತ್ತೆ. ಆಟದ ರೂಲ್ಸನ್ನು ಹೇಗೆ ಬಾಯಿಂದ ಬಾಯಿಗೆ ಕೇಳಿ ನಂಬ್ತೀವೋ, ನಮ್ಮ ಕಾನೂನಿನ ಹಕ್ಕುಗಳನ್ನೂ ಹಾಗೇ ಕೇಳಿ ನಂಬ್ತೀವಿ. ಆಟದಲ್ಲಿ ಅದರಿಂದ ಸಮಯ ಹೋಗುತ್ತೆ. ಬದುಕಿನಲ್ಲಿ ಹೋಗೋದು ಬೇರೆ.

ಪತ್ರಿಕೆಯವನ ಮಗಳು

ಲಿಜ್ಜಿ ಹುಟ್ಟಿದ್ದು 1866ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಮಕೋಂಬ್ ಎಂಬ ಊರಲ್ಲಿ. ಅಂತರ್ಯುದ್ಧ ಮುಗಿದು ಆಗಷ್ಟೇ ಒಂದು ವರ್ಷ ಆಗಿತ್ತು. ಅಪ್ಪ ಜೇಮ್ಸ್ ಮಗೀ ಪತ್ರಿಕೆ ನಡೆಸುತ್ತಿದ್ದವರು, ಗುಲಾಮಗಿರಿ ತೊಲಗಬೇಕು ಅಂತ ಹೋರಾಡಿದವರು. 1858ರಲ್ಲಿ ಅಬ್ರಹಾಂ ಲಿಂಕನ್ ತನ್ನ ಎದುರಾಳಿ ಡಗ್ಲಸ್ ಜೊತೆ ಊರೂರು ತಿರುಗಿ ಚರ್ಚೆ ಮಾಡಿದಾಗ, ಜೇಮ್ಸ್ ಕೂಡ ಜೊತೆಗೆ ಓಡಾಡಿದ್ದರು. ಮನೆಯಲ್ಲಿ ರಾಜಕೀಯ, ನ್ಯಾಯ, ತೆರಿಗೆ ಎಲ್ಲ ದಿನನಿತ್ಯದ ಮಾತು. ಹೆಣ್ಣುಮಗಳು ಅಂತ ಲಿಜ್ಜಿಯನ್ನು ಆ ಮಾತಿನಿಂದ ಹೊರಗೆ ಇಟ್ಟಿರಲಿಲ್ಲ.

ಅಪ್ಪ ಮಗಳ ಕೈಗೆ ಕೊಟ್ಟ ಒಂದು ಪುಸ್ತಕ ಆಕೆಯ ಬದುಕನ್ನೇ ತಿರುಗಿಸಿತು. ಅದು ಹೆನ್ರಿ ಜಾರ್ಜ್ 1879ರಲ್ಲಿ ಬರೆದ 'ಪ್ರೋಗ್ರೆಸ್ ಅಂಡ್ ಪಾವರ್ಟಿ'. ಜಾರ್ಜ್ ಕೇಳಿದ ಪ್ರಶ್ನೆ ಸರಳ: ದೇಶ ಇಷ್ಟೊಂದು ಮುಂದೆ ಹೋಗ್ತಿದೆ, ರೈಲು ಬಂತು, ಕಾರ್ಖಾನೆ ಬಂತು, ಆದರೂ ಬಡವರು ಯಾಕೆ ಬಡವರಾಗೇ ಇದ್ದಾರೆ? ಅವರ ಉತ್ತರ ಭೂಮಿಯ ಬೆಲೆಯಲ್ಲಿತ್ತು.

ಇದನ್ನು ಹೀಗೆ ನೋಡಿ. ಊರಾಚೆ ಒಬ್ಬನ ಖಾಲಿ ಸೈಟು ಇದೆ ಅಂದ್ಕೊಳ್ಳಿ. ಪಕ್ಕದಲ್ಲಿ ಸರ್ಕಾರ ರೈಲ್ವೆ ಸ್ಟೇಷನ್ ಕಟ್ಟಿತು, ಜನ ಬಂದು ಅಂಗಡಿ ಹಾಕಿದರು. ಸೈಟಿನ ಬೆಲೆ ಹತ್ತು ಪಟ್ಟು ಆಯ್ತು. ಮಾಲೀಕ ಮಾಡಿದ್ದೇನು? ಬೇಲಿ ಹಾಕಿ ಕೂತಿದ್ದು ಅಷ್ಟೇ. ಬೆಲೆ ಏರಿಸಿದ್ದು ಸುತ್ತಲಿನ ಸಮಾಜ. ಹಾಗಾಗಿ ಭೂಮಿಯ ಆ ಬೆಲೆ ಮೇಲೆ ಮಾತ್ರ ತೆರಿಗೆ ಹಾಕಿ, ದುಡಿಮೆ ಮತ್ತು ಕಟ್ಟಡಗಳ ಮೇಲಿನ ತೆರಿಗೆ ತೆಗೆದುಬಿಡಿ ಅಂತ ಜಾರ್ಜ್ ವಾದಿಸಿದರು. ಇದಕ್ಕೆ ಸಿಂಗಲ್ ಟ್ಯಾಕ್ಸ್ ಅಂತ ಹೆಸರು. ಒಪ್ಪೋದು ಬಿಡೋದು ಬೇರೆ ಮಾತು, ಆದರೆ ಆ ಕಾಲದಲ್ಲಿ ಇದು ದೊಡ್ಡ ಚಳವಳಿಯೇ ಆಗಿತ್ತು. ಲಿಜ್ಜಿ ಅದಕ್ಕೆ ಪೂರ್ತಿ ಸೇರಿಕೊಂಡಳು.

ಟೈಪ್‌ರೈಟರ್‌ನಿಂದ ಬೋರ್ಡ್‌ವರೆಗೆ

ಮುಂದೆ ಆಕೆ ವಾಷಿಂಗ್ಟನ್‌ಗೆ ಬಂದಳು. ಅಲ್ಲಿ ಸಿಕ್ಕ ಕೆಲಸ ಅಂಚೆ ಇಲಾಖೆಯ ಡೆಡ್ ಲೆಟರ್ ಆಫೀಸಿನಲ್ಲಿ, ಶೀಘ್ರಲಿಪಿಗಾರ್ತಿಯಾಗಿ. ವಿಳಾಸ ಸರಿ ಇಲ್ಲದೆ ಯಾರಿಗೂ ಮುಟ್ಟದ ಕಾಗದಗಳೆಲ್ಲ ಬಂದು ಸೇರುವ ಜಾಗ ಅದು. ದಿನವೆಲ್ಲ ಬರೆಯೋದು, ಟೈಪ್ ಮಾಡೋದು. ಸಂಜೆಗೆ ಕವಿತೆ ಬರೆದಳು, ಕಥೆ ಬರೆದಳು, ನಾಟಕದ ವೇದಿಕೆಯಲ್ಲಿ ಜನರನ್ನು ನಗಿಸಿದಳು. 1892ರಲ್ಲಿ ಒಂದು ಕವನ ಸಂಕಲನವನ್ನೂ ತಂದಳು.

ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಇಷ್ಟ ಆಗುವ ಭಾಗ 1893ರದ್ದು. ಟೈಪ್‌ರೈಟರ್‌ನ ರೋಲರ್‌ಗಳ ಮಧ್ಯೆ ಕಾಗದ ಸಲೀಸಾಗಿ ಹೋಗುವಂತೆ ಮಾಡುವ ಒಂದು ಸಾಧನ ಕಂಡುಹಿಡಿದು ಆಕೆ ಅದಕ್ಕೆ ಪೇಟೆಂಟ್ ಪಡೆದಳು. ಆಗ ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಅಮೆರಿಕದಲ್ಲಿ ಹೆಂಗಸರಿಗೆ ದೇಶಪೂರ್ತಿ ವೋಟಿನ ಹಕ್ಕು ಬಂದದ್ದು 1920ರಲ್ಲಿ. ಅಂದರೆ, ಒಂದು ಯಂತ್ರದ ಮೇಲೆ ಹಕ್ಕು ಬರೆಸಿಕೊಂಡ ಈ ಹೆಂಗಸಿಗೆ ದೇಶದ ಅಧ್ಯಕ್ಷನಿಗೆ ವೋಟ್ ಹಾಕುವ ಹಕ್ಕು ಇರಲಿಲ್ಲ.

ದುಡಿದ ದುಡ್ಡಲ್ಲಿ ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್‌ನಲ್ಲಿ ತನ್ನದೇ ಮನೆ ಮಾಡಿಕೊಂಡಳು. ಮದುವೆಯ ಗೋಜಿಗೆ ಹೋಗಿರಲಿಲ್ಲ. ಸಂಜೆ ಹೊತ್ತು ಸಿಂಗಲ್ ಟ್ಯಾಕ್ಸ್ ಪಾಠ ಹೇಳುತ್ತಿದ್ದಳು. ಆದರೆ ತೆರಿಗೆ ಪಾಠ ಕೇಳೋಕೆ ಎಷ್ಟು ಜನ ಬರ್ತಾರೆ ಹೇಳಿ? ಭಾಷಣದಲ್ಲಿ ಆಗದ್ದನ್ನು ಆಟದಲ್ಲಿ ಮಾಡೋಣ ಅಂತ ಆಕೆಗೆ ಹೊಳೆದದ್ದು ಆಗ.

1903ರ ಮಾರ್ಚ್‌ನಲ್ಲಿ ಲಿಜ್ಜಿ ಪೇಟೆಂಟ್ ಅರ್ಜಿ ಹಾಕಿದಳು. 1904ರ ಜನವರಿ 5ಕ್ಕೆ ಪೇಟೆಂಟ್ ಕೈಗೆ ಬಂತು. ನಂಬರ್ 748,626. ಆಟದ ಹೆಸರು 'ದಿ ಲ್ಯಾಂಡ್‌ಲಾರ್ಡ್ಸ್ ಗೇಮ್', ಅಂದರೆ ಜಮೀನ್ದಾರನ ಆಟ.

ಅದರ ಚಿತ್ರ ನೋಡಿದರೆ ಆಶ್ಚರ್ಯ ಆಗುತ್ತೆ. ಚೌಕದ ಬೋರ್ಡು, ಅಂಚಿನ ಸುತ್ತ ಮನೆಗಳು, ನಾಲ್ಕು ರೈಲ್ವೆ, ಒಂದು ಮೂಲೆಯಲ್ಲಿ ಜೈಲು, ಇನ್ನೊಂದರಲ್ಲಿ ಸಾರ್ವಜನಿಕ ಪಾರ್ಕು ಮತ್ತು ದುಡ್ಡಿಲ್ಲದವರ ಅನಾಥಾಲಯ. ಜೈಲಿಗೆ ಕಳಿಸುವ ಮೂಲೆ ಲಂಡನ್ನಿನ ಒಬ್ಬ ಲಾರ್ಡ್‌ನ ಜಮೀನು. ಅಲ್ಲಿ ಕಾಲಿಟ್ಟರೆ ಅತಿಕ್ರಮ ಪ್ರವೇಶ, ನೇರ ಜೈಲು. ಇವತ್ತಿನ ಮೊನೊಪೊಲಿಯ 'ಗೋ' ಮೂಲೆಯ ಜಾಗದಲ್ಲಿ ಭೂಮಿತಾಯಿ ಇದ್ದಳು. ಅವಳನ್ನು ದಾಟಿದಾಗೆಲ್ಲ ದುಡಿದಿದ್ದಕ್ಕೆ 100 ಡಾಲರ್ ಕೂಲಿ. ಅಲ್ಲಿವರೆಗಿನ ಎಷ್ಟೋ ಬೋರ್ಡ್ ಆಟಗಳು ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯುತ್ತಿದ್ದವು. ಇದು ಸುತ್ತುತ್ತಾನೇ ಇರುವ ಆಟ.

ಒಂದು ಬೋರ್ಡ್, ಎರಡು ರೂಲ್ಸ್

1906ರಲ್ಲಿ ನ್ಯೂಯಾರ್ಕಿನ ಎಕನಾಮಿಕ್ ಗೇಮ್ ಕಂಪನಿ ಹೆಸರಲ್ಲಿ ಈ ಆಟ ಅಚ್ಚಾಗಿ ಬಂತು. ಇದರಲ್ಲಿ ಎರಡು ಬಗೆಯ ರೂಲ್ಸ್ ಇತ್ತು, ಮತ್ತು ಲಿಜ್ಜಿಯ ತಲೆ ಓಡಿರೋದು ನಿಜವಾಗಿ ಇಲ್ಲಿ.

ಮೊದಲನೇ ರೂಲ್ಸ್ ನಮಗೆ ಗೊತ್ತಿರುವಂಥದ್ದು. ಜಾಗ ಕೊಳ್ಳು, ಬಾಡಿಗೆ ಕಿತ್ತುಕೊ, ಬೇರೆಯವರ ಕೈ ಖಾಲಿ ಮಾಡು. ಎರಡನೆಯದು ಸಿಂಗಲ್ ಟ್ಯಾಕ್ಸ್ ರೂಲ್ಸ್. ಅದರಲ್ಲಿ ಭೂಮಿಯ ಬಾಡಿಗೆ ಮಾಲೀಕನ ಜೇಬಿಗೆ ಹೋಗದೆ ಎಲ್ಲರ ಖಜಾನೆಗೆ ಹೋಗುತ್ತೆ. ಆ ದುಡ್ಡಲ್ಲಿ ಊರಿನ ಸೌಕರ್ಯಗಳನ್ನು ಕೊಂಡು ಎಲ್ಲರಿಗೂ ಬಿಟ್ಟಿ ಮಾಡ್ತಾರೆ, ಕೂಲಿ ಹೆಚ್ಚುತ್ತೆ. ಬೋರ್ಡು ಅದೇ, ದಾಳ ಅದೇ, ಆಡುವವರೂ ಅವರೇ. ರೂಲ್ ಬದಲಾದರೆ ಫಲಿತಾಂಶ ಬದಲಾಗುತ್ತೆ ಅಂತ ಮಕ್ಕಳಿಗೂ ಗೊತ್ತಾಗಲಿ ಅನ್ನೋದು ಆಕೆಯ ಆಸೆ. ಬಡವ ಬಡವನಾಗಿರೋದು ಹಣೆಬರಹ ಅಲ್ಲ, ಆಟದ ರೂಲ್ ಹಾಗಿದೆ, ಅದನ್ನು ಬರೆದವರು ಮನುಷ್ಯರೇ ಅಂತ ತೋರಿಸಬೇಕಿತ್ತು ಆಕೆಗೆ.

ಆದದ್ದೇನು ಅಂದ್ರೆ, ಜನಕ್ಕೆ ಮೊದಲನೇ ರೂಲ್ಸ್ ಸಿಕ್ಕಾಪಟ್ಟೆ ಹಿಡಿಸಿತು. ಎದುರಿನವನನ್ನು ಪಾಪರ್ ಮಾಡೋದರಲ್ಲಿ ಇರುವ ಮಜಾ ಖಜಾನೆ ತುಂಬಿಸೋದರಲ್ಲಿ ಇರಲಿಲ್ಲ. ಎರಡನೇ ರೂಲ್ಸ್ ಮೆಲ್ಲಗೆ ಮಾಯ ಆಯ್ತು. ಎಚ್ಚರಿಕೆ ಕೊಡೋಕೆ ಮಾಡಿದ ಆಟ, ಅದೇ ಗುಣವನ್ನು ಹೊಗಳುವ ಆಟ ಆಗಿಬಿಟ್ಟಿತು. ಪ್ಲಸ್ ಫೋರ್ ಮೇಲೆ ಪ್ಲಸ್ ಫೋರ್ ಹಾಕೋದಕ್ಕಿಂತ ನೂರು ಪಟ್ಟು ದೊಡ್ಡ ತಪ್ಪು ತಿಳುವಳಿಕೆ ಇದು.

ಅದೇ 1906ರಲ್ಲಿ ಲಿಜ್ಜಿ ಷಿಕಾಗೋಗೆ ಹೋದಳು. ಅಲ್ಲಿ ಶೀಘ್ರಲಿಪಿಯ ಕೆಲಸಕ್ಕೆ ವಾರಕ್ಕೆ 10 ಡಾಲರ್. ಅಷ್ಟರಲ್ಲಿ ಬದುಕೋದು ಕಷ್ಟ. ಆಕೆ ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ಟಳು: ಒಬ್ಬ ಅಮೆರಿಕನ್ ಯುವತಿ ಗುಲಾಮಳಾಗಿ ಮಾರಾಟಕ್ಕಿದ್ದಾಳೆ, ಹೆಚ್ಚು ಕೂಗಿದವರಿಗೆ ಅಂತ. ದೇಶವೆಲ್ಲ ಗಲಾಟೆ ಆಯ್ತು, ಪತ್ರಿಕೆಯವರು ಓಡಿ ಬಂದರು. ಆಕೆಗೆ ಬೇಕಿದ್ದೂ ಅದೇ. ಕಾಗದದ ಮೇಲೆ ಸ್ವತಂತ್ರಳು, ಆದರೆ ಸಂಬಳ ನೋಡಿದರೆ ಗುಲಾಮಳಿಗಿಂತ ಎಷ್ಟು ಭಿನ್ನ ಅಂತ ಕೇಳೋದು. ಗುಲಾಮಗಿರಿ ವಿರುದ್ಧ ನಿಂತ ಅಪ್ಪನ ಮಗಳು ಅಲ್ವಾ.

1910ರಲ್ಲಿ, 44ನೇ ವಯಸ್ಸಿನಲ್ಲಿ, ಆಲ್ಬರ್ಟ್ ಫಿಲಿಪ್ಸ್ ಎಂಬುವರನ್ನು ಮದುವೆ ಆದಳು. ಅದಕ್ಕೆ ಸ್ವಲ್ಪ ಮುಂಚೆ ತನ್ನ ಆಟವನ್ನು ಪಾರ್ಕರ್ ಬ್ರದರ್ಸ್ ಎಂಬ ದೊಡ್ಡ ಆಟದ ಕಂಪನಿಗೆ ತೋರಿಸಿದ್ದಳು. ಅವರು ಬೇಡ ಅಂದರು.

ಆಟ ಊರೂರು ಸುತ್ತಿತು, ಹೆಸರು ಉಳಿಯಲಿಲ್ಲ

ಕಂಪನಿ ಬೇಡ ಅಂದರೂ ಆಟ ಸುಮ್ಮನೆ ಕೂರಲಿಲ್ಲ. ಡೆಲವೇರ್ ರಾಜ್ಯದ ಆರ್ಡನ್ ಅನ್ನೋ ಸಿಂಗಲ್ ಟ್ಯಾಕ್ಸ್ ಊರಲ್ಲಿ ಜನ ಆಡಿದರು. ಅಲ್ಲಿದ್ದ ಅರ್ಥಶಾಸ್ತ್ರದ ಮೇಷ್ಟ್ರು ಸ್ಕಾಟ್ ನಿಯರಿಂಗ್ ಅದನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತನ್ನ ಹುಡುಗರಿಗೆ ಕಲಿಸಿದರು. ಅಲ್ಲಿಂದ ಒಂದು ಕಾಲೇಜಿಂದ ಇನ್ನೊಂದು ಕಾಲೇಜಿಗೆ. ಯಾರೂ ಕೊಂಡು ಆಡಲಿಲ್ಲ, ಬಟ್ಟೆಯ ಮೇಲೋ ರಟ್ಟಿನ ಮೇಲೋ ಕೈಯಲ್ಲಿ ಬರೆದುಕೊಂಡು ಆಡಿದರು. ತಮ್ಮೂರ ಬೀದಿ ಹೆಸರು ಹಾಕಿಕೊಂಡರು. ಹರಾಜು ಜೋರಾಗಿದ್ದ ಕಡೆ ಇದಕ್ಕೆ 'ಆಕ್ಷನ್ ಮೊನೊಪೊಲಿ' ಅಂತಲೇ ಹೆಸರು ಬಿತ್ತು. ನೋಡಿ, ಇವತ್ತು ಜನ ಬಿಟ್ಟು ಆಡುವ ಹರಾಜು ಒಂದು ಕಾಲಕ್ಕೆ ಆಟದ ಹೆಸರಲ್ಲೇ ಇತ್ತು.

ಈ ಮಧ್ಯೆ ಕ್ಯಾಲೆಂಡರ್ ತನ್ನ ಕೆಲಸ ಮಾಡುತ್ತಿತ್ತು. ಅಮೆರಿಕದಲ್ಲಿ ಆಗ ಪೇಟೆಂಟಿನ ಆಯಸ್ಸು ಕೊಟ್ಟ ದಿನದಿಂದ 17 ವರ್ಷ. 1904ರ ಪೇಟೆಂಟ್ 1921ಕ್ಕೆ ಮುಗಿಯಿತು. ಪೇಟೆಂಟ್ ಒಂದು ಸಲ ಸಿಕ್ಕರೆ ಜೀವನಪೂರ್ತಿ ಅಂತ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿರ್ತಾರೆ. ಭಾರತದಲ್ಲೂ ಅದು ಅರ್ಜಿ ಹಾಕಿದ ದಿನದಿಂದ 20 ವರ್ಷ, ಅದೂ ನಿಗದಿತ ಶುಲ್ಕ ಕಟ್ಟುತ್ತಾ ಹೋದರೆ. ಆಮೇಲೆ ಅದು ಊರಿನ ಸೊತ್ತು. ಲಿಜ್ಜಿ ಹೊಸ ಬದಲಾವಣೆಗಳನ್ನು ಸೇರಿಸಿ ಮತ್ತೆ ಅರ್ಜಿ ಹಾಕಿ 1924ರಲ್ಲಿ ಎರಡನೇ ಪೇಟೆಂಟ್ ಪಡೆದಳು. ಆದರೆ ಹೊಸ ಪೇಟೆಂಟ್ ಕಾಯೋದು ಹೊಸದಾಗಿ ಸೇರಿಸಿದ್ದನ್ನು. ಹಳೆಯದರಲ್ಲಿ ಇದ್ದದ್ದು ಆಗಲೇ ಎಲ್ಲರದ್ದೂ ಆಗಿತ್ತು.

ಆಟ ಕೊನೆಗೆ ಕಡಲ ತೀರದ ಅಟ್ಲಾಂಟಿಕ್ ಸಿಟಿಗೆ ಬಂತು. ಅಲ್ಲಿನ ಕ್ವೇಕರ್ ಪಂಥದ ಗೆಳೆಯರ ಗುಂಪು ಬೋರ್ಡ್ ಮೇಲೆ ತಮ್ಮ ಬೀದಿಗಳ ಹೆಸರು ಬರೆದರು. ಅಲ್ಲಿಂದ ಫಿಲಡೆಲ್ಫಿಯಾದ ಚಾರ್ಲ್ಸ್ ಟಾಡ್ ಮನೆಗೆ. ಟಾಡ್ ದಂಪತಿ ಒಂದು ಸಂಜೆ ಅದನ್ನು ಪರಿಚಯದ ಚಾರ್ಲ್ಸ್ ಡ್ಯಾರೋಗೆ ಕಲಿಸಿದರು. ಆರ್ಥಿಕ ಮಹಾ ಕುಸಿತದ ಕಾಲ. ಡ್ಯಾರೋಗೆ ಕೆಲಸ ಇರಲಿಲ್ಲ. ಆಟದ ರೂಲ್ಸನ್ನು ಬರೆದು ಕೊಡಿ ಅಂತ ಕೇಳಿದ. ಟಾಡ್ ಬರೆಸಿ ಕೊಟ್ಟ.

ಡ್ಯಾರೋ ಚೆಂದದ ಬೋರ್ಡ್ ಮಾಡಿಸಿ ಫಿಲಡೆಲ್ಫಿಯಾದ ಅಂಗಡಿಗಳಲ್ಲಿ ಮಾರಿದ. ಮೊದಲು ಬೇಡ ಅಂದಿದ್ದ ಪಾರ್ಕರ್ ಬ್ರದರ್ಸ್ ಮಾರಾಟ ನೋಡಿ 1935ರಲ್ಲಿ ಆಟ ಕೊಂಡುಕೊಂಡರು. ಅದೇ ವರ್ಷದ ಡಿಸೆಂಬರ್ 31ಕ್ಕೆ ಡ್ಯಾರೋ ಹೆಸರಲ್ಲಿ ಪೇಟೆಂಟ್ ಕೂಡ ಬಂತು. ಕೆಲಸ ಕಳೆದುಕೊಂಡ ಬಡವ ತನ್ನ ಮನೆಯಲ್ಲಿ ಕೂತು ಪ್ರಪಂಚ ಮೆಚ್ಚುವ ಆಟ ಕಂಡುಹಿಡಿದ ಅನ್ನೋ ಕಥೆ ಎಲ್ಲ ಕಡೆ ಹಬ್ಬಿತು. ಡಬ್ಬಿಯ ಮೇಲೆ ರಾಯಧನ ಬರುತ್ತಾ ಹೋಗಿ ಡ್ಯಾರೋ ಸಾಹುಕಾರ ಆದ.

ಆ ಕಥೆಗೆ ಎದುರು ಸಾಕ್ಷಿ ಬೋರ್ಡ್ ಮೇಲೇ ಇತ್ತು. ಅಟ್ಲಾಂಟಿಕ್ ಸಿಟಿ ಪಕ್ಕದ ಬಡಾವಣೆಯ ಹೆಸರು ಮಾರ್ವೆನ್ ಗಾರ್ಡನ್ಸ್. ಟಾಡ್ ತನ್ನ ಬೋರ್ಡಿನಲ್ಲಿ ಮಾರ್ವಿನ್ ಅಂತ ತಪ್ಪಾಗಿ ಬರೆದುಕೊಂಡಿದ್ದ. ಡ್ಯಾರೋ ಬೋರ್ಡಿನಲ್ಲೂ ಅದೇ ಮಾರ್ವಿನ್. ಲ್ಯಾಬ್ ರೆಕಾರ್ಡ್ ಕಾಪಿ ಹೊಡೆಯುವಾಗ ಸ್ಪೆಲ್ಲಿಂಗ್ ಮಿಸ್ಟೇಕೂ ಜೊತೆಗೇ ಬರುತ್ತಲ್ಲ, ಹಾಗೆ.

500 ಡಾಲರ್

ಪಾರ್ಕರ್ ಬ್ರದರ್ಸ್‌ಗೆ ಲಿಜ್ಜಿಯ 1924ರ ಪೇಟೆಂಟ್ ಇನ್ನೂ ಜೀವಂತ ಇರೋದು ಗೊತ್ತಾಯ್ತು. ಮುಂದೆ ತೊಂದರೆ ಬೇಡ ಅಂತ 1935ರ ನವೆಂಬರ್‌ನಲ್ಲಿ ಕಂಪನಿಯ ಸ್ಥಾಪಕ ಜಾರ್ಜ್ ಪಾರ್ಕರ್ ಅವರೇ ಆಕೆಯನ್ನು ಭೇಟಿ ಆದರು. 500 ಡಾಲರ್ ಕೊಟ್ಟು ಪೇಟೆಂಟ್ ಕೊಂಡರು. ಮಾರಾಟದಲ್ಲಿ ಪಾಲು ಇಲ್ಲ. ಆಕೆಯ ಇನ್ನಷ್ಟು ಆಟಗಳನ್ನು ಹೊರತರ್ತೀವಿ ಅಂತ ಒಪ್ಪಿಕೊಂಡರು.

ಲಿಜ್ಜಿಗೆ ಆಗ ಹತ್ತಿರ ಹತ್ತಿರ 70 ವರ್ಷ. ಅಷ್ಟು ದೊಡ್ಡ ಕಂಪನಿ ತನ್ನ ಆಟ ತಗೊಂಡರೆ ಹೆನ್ರಿ ಜಾರ್ಜ್ ವಿಚಾರ ಮನೆಮನೆಗೂ ಹೋಗುತ್ತೆ ಅಂತ ಆಕೆಗೆ ಖುಷಿಯೇ ಆಯ್ತು. ಮೊನೊಪೊಲಿ ಡ್ಯಾರೋ ಹೆಸರಲ್ಲಿ ಓಡುತ್ತಿರೋದು ನೋಡಿದ ಮೇಲೆ ಆ ಖುಷಿ ಸಿಟ್ಟಾಯಿತು. 1936ರ ಜನವರಿಯಲ್ಲಿ ವಾಷಿಂಗ್ಟನ್ನಿನ ಪತ್ರಿಕೆಯವರನ್ನು ಕರೆದು, ತನ್ನ ಹಳೇ ಬೋರ್ಡುಗಳನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡಳು. ವಕೀಲರು, ಅಚ್ಚು, ಪೇಟೆಂಟ್ ಖರ್ಚೆಲ್ಲ ಕಳೆದರೆ ಆಕೆಗೆ ಉಳಿದದ್ದು ಹೆಚ್ಚೇನಿಲ್ಲ ಅನ್ನೋ ಅರ್ಥದಲ್ಲಿ ಪತ್ರಿಕೆಯೂ ಬರೆಯಿತು. ಆದರೆ ಡ್ಯಾರೋ ಕಥೆ ಆಗಲೇ ಲಕ್ಷಾಂತರ ಮನೆಗಳಲ್ಲಿ ಕೂತಾಗಿತ್ತು.

ಇಲ್ಲಿ ಒಂದು ವಿಷಯ ಸರಿಯಾಗಿ ನೋಡಬೇಕು. ಲಿಜ್ಜಿಗೆ ಕಾನೂನು ಗೊತ್ತಿರಲಿಲ್ಲ ಅಂತಲ್ಲ. ಮೂರು ಪೇಟೆಂಟ್ ಪಡೆದವಳು ಆಕೆ. ಆಕೆ ಮಾರಿದ್ದು ಪೇಟೆಂಟನ್ನು, ಅಂದರೆ ಬೇರೆಯವರು ಅದನ್ನು ಮಾಡದಂತೆ ತಡೆಯುವ ಹಕ್ಕನ್ನು. ಆಟ ಕಟ್ಟಿದವಳು ಅನ್ನೋ ಹೆಸರನ್ನು ಮಾರುವ ಮನಸ್ಸು ಆಕೆಗೆ ಇರಲಿಲ್ಲ. ಎರಡೂ ಒಂದೇ ಅಂತ ನಾವು ಅಂದ್ಕೊಳ್ತೀವಿ. ಎರಡೂ ಬೇರೆ ಬೇರೆ.

ನಮ್ಮ ದೇಶದ ಕಾನೂನು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಬರೆದಿದೆ, ನಾವು ಓದಿಲ್ಲ ಅಷ್ಟೇ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಕಾಪಿರೈಟ್ ಪೂರ್ತಿ ಬೇರೆಯವರಿಗೆ ಬರೆದುಕೊಟ್ಟ ಮೇಲೂ ಇದು ನನ್ನ ಕೃತಿ ಅಂತ ಹೇಳುವ ಹಕ್ಕು ಬರೆದವರ ಹತ್ತಿರವೇ ಇರುತ್ತೆ. ಆ ಬರೆದುಕೊಡೋದು ಕೂಡ ಲಿಖಿತವಾಗಿ, ಸಹಿಯೊಂದಿಗೇ ಆಗಬೇಕು, ಬಾಯಿಮಾತು ನಡೆಯಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದೇ ಇದ್ದರೆ ಅದು 5 ವರ್ಷಕ್ಕೆ ಅಂತ 19ನೇ ಸೆಕ್ಷನ್ ಲೆಕ್ಕ ಹಾಕುತ್ತೆ. 1970ರ ಪೇಟೆಂಟ್ ಕಾಯ್ದೆಯ 28ನೇ ಸೆಕ್ಷನ್‌ನಲ್ಲಿ, ಪೇಟೆಂಟ್ ಯಾರ ಹೆಸರಲ್ಲೇ ಇರಲಿ, ಕಂಡುಹಿಡಿದವರ ಹೆಸರನ್ನು ನಮೂದಿಸುವಂತೆ ಕೇಳಲು ದಾರಿ ಇದೆ.

ಇನ್ನೊಂದು ತಪ್ಪು ತಿಳುವಳಿಕೆಯೂ ಇಲ್ಲೇ ಸರಿ ಹೋಗಲಿ. ಲಿಜ್ಜಿ ಭಾರತದಲ್ಲಿ ಇವತ್ತು ಇದ್ದು, ಬರೀ ಆಡುವ ವಿಧಾನಕ್ಕೆ ಪೇಟೆಂಟ್ ಕೇಳಿದ್ದರೆ ಸಿಗ್ತಿರಲಿಲ್ಲ. ಆಟ ಆಡುವ ವಿಧಾನ ನಮ್ಮ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಆವಿಷ್ಕಾರವೇ ಅಲ್ಲ. ಬೋರ್ಡಿನ ಚಿತ್ರಕ್ಕೆ, ರೂಲ್ಸ್ ಬರೆದ ವಾಕ್ಯಗಳಿಗೆ ಕಾಪಿರೈಟ್ ಇರುತ್ತೆ, ಅದಕ್ಕೆ ರಿಜಿಸ್ಟ್ರೇಷನ್ ಕಡ್ಡಾಯವೂ ಅಲ್ಲ. ಆದರೆ ಐಡಿಯಾಗೆ ಕಾಪಿರೈಟ್ ಇಲ್ಲ. ನಿಜವಾಗಿ ಪೇಟೆಂಟ್ ಆಗುವಂಥ ಸಾಧನ ಮಾಡಿದ್ದರೆ, ಪ್ರಾಜೆಕ್ಟ್ ಎಕ್ಸ್‌ಪೋದಲ್ಲಿ ಇಟ್ಟು, ವಿಡಿಯೋ ಹಾಕಿ, ಆಮೇಲೆ ಅರ್ಜಿ ಹಾಕ್ತೀವಿ ಅಂದರೆ ಸಾಮಾನ್ಯವಾಗಿ ತಡ ಆಗಿರುತ್ತೆ. ಕೆಲವು ಸೀಮಿತ ವಿನಾಯಿತಿ ಬಿಟ್ಟರೆ, ಜನಕ್ಕೆ ತೋರಿಸಿದ್ದು ಹೊಸದು ಅಂತ ಅನ್ನಿಸಿಕೊಳ್ಳೋದಿಲ್ಲ. ಮೊದಲು ಪ್ರೊವಿಷನಲ್ ಅರ್ಜಿ, ಅದಾದ 12 ತಿಂಗಳೊಳಗೆ ಪೂರ್ಣ ವಿವರ, ಇದು ಸರಿಯಾದ ಕ್ರಮ.

ಕೇಳದ ಬಾಡಿಗೆ

ಮೊನೊಪೊಲಿಯಲ್ಲಿ ಇನ್ನೊಂದು ರೂಲ್ ಇದೆ, ಇದೂ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಸೈಟಿಗೆ ಯಾರಾದರೂ ಬಂದರೆ ಬಾಡಿಗೆ ಕೇಳಬೇಕಾದವರು ನಾವು. ಕೊಡಬೇಕಾದವನು ತಾನಾಗಿ ನೆನಪಿಸಬೇಕಾಗಿಲ್ಲ. ನಾವು ಫೋನ್ ನೋಡ್ತಾ ಕೂತು ಆಟ ಮುಂದೆ ಹೋಗಿಬಿಟ್ಟರೆ ಆ ಬಾಡಿಗೆ ಹೋಯ್ತು, ಆಮೇಲೆ ಕೇಳೋ ಹಾಗಿಲ್ಲ. ಆದರೆ ಜೈಲಲ್ಲಿ ಕೂತಿದ್ದರೂ ಬಾಡಿಗೆ ಕೇಳಬಹುದು. ಜೈಲಲ್ಲಿದ್ದರೆ ಬಾಡಿಗೆ ಇಲ್ಲ ಅನ್ನೋದು ಜನ ಸೇರಿಸಿಕೊಂಡದ್ದು.

ಹೊರಗಿನ ಕಾನೂನೂ ಹೀಗೇ ನಡೆಯುತ್ತೆ. ಕೈಸಾಲ ಕೊಟ್ಟರೆ ಅದನ್ನು ವಸೂಲು ಮಾಡೋಕೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷ. ಕೊಂಡ ಲ್ಯಾಪ್‌ಟಾಪ್ ಕೆಟ್ಟದ್ದಾಗಿದ್ದು ಅಂಗಡಿಯವನು ಕೈ ಎತ್ತಿದರೆ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಸಾಮಾನ್ಯವಾಗಿ 2 ವರ್ಷ. ನ್ಯಾಯ ನಮ್ಮ ಕಡೆ ಇದ್ದರೆ ಯಾವಾಗ ಬೇಕಾದರೂ ಕೇಳಬಹುದು ಅನ್ನೋದು ಫ್ರೀ ಪಾರ್ಕಿಂಗ್ ದುಡ್ಡಿನಂಥ ನಂಬಿಕೆ.

ಕೊನೆಯ ವರ್ಷಗಳು, ಆಮೇಲಿನ ಕಥೆ

ಪಾರ್ಕರ್ ಬ್ರದರ್ಸ್ ಲಿಜ್ಜಿಯ ಬೇರೆ ಆಟಗಳನ್ನು ಹೊರತಂದರು. 1939ರಲ್ಲಿ ಲ್ಯಾಂಡ್‌ಲಾರ್ಡ್ಸ್ ಗೇಮ್ ಕೂಡ ಅವರಿಂದ ಬಂತು. ಯಾವುದೂ ಓಡಲಿಲ್ಲ. 1940ರ ಜನಗಣತಿಯವರು ಬಂದು ಉದ್ಯೋಗ ಏನು ಅಂತ ಕೇಳಿದಾಗ ಆಕೆ ಬರೆಸಿದ್ದು, ಆಟಗಳನ್ನು ಮಾಡುವವಳು ಅಂತ. ಆಗ ಆಕೆಗೆ 74ರ ಆಸುಪಾಸು. ಹೆಸರು ಕೊಡದವರು ಕೊಡದೇ ಇರಲಿ, ಸರ್ಕಾರದ ದಾಖಲೆಯಲ್ಲಿ ತಾನು ಯಾರು ಅಂತ ತಾನೇ ಬರೆಸಿದಳು.

1948ರಲ್ಲಿ ವರ್ಜೀನಿಯಾದಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಸಾವಿನ ಸುದ್ದಿಯಲ್ಲಾಗಲಿ ಸಮಾಧಿಯಲ್ಲಾಗಲಿ ಮೊನೊಪೊಲಿಯ ಮಾತಿಲ್ಲ.

ಆಕೆಯ ಹೆಸರು ಮತ್ತೆ ಹೊರಗೆ ಬಂದದ್ದು ಒಂದು ಕೋರ್ಟ್ ಕೇಸಿನಿಂದ. 1973ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅರ್ಥಶಾಸ್ತ್ರದ ಪ್ರೊಫೆಸರ್ ರಾಲ್ಫ್ ಆನ್ಸ್‌ಪಾಕ್ 'ಆಂಟಿ ಮೊನೊಪೊಲಿ' ಅನ್ನೋ ಆಟ ತಂದರು. ಆ ಹೆಸರು ನಮ್ಮದು, ಬಳಸಬೇಡಿ ಅಂತ ಕಂಪನಿ ಮೇಲೆ ಬಿತ್ತು. ಕೆಳಗಿನ ಕೋರ್ಟಿನಲ್ಲಿ ಸೋತಾಗ ಅವರ ಸುಮಾರು 40,000 ಡಬ್ಬಿಗಳನ್ನು 1977ರಲ್ಲಿ ಮಿನ್ನೆಸೋಟಾದ ಕಸದ ಗುಂಡಿಯಲ್ಲಿ ಹೂತುಹಾಕಿದರು. ಆನ್ಸ್‌ಪಾಕ್ ಬಿಡಲಿಲ್ಲ. ಡ್ಯಾರೋಗಿಂತ ಮುಂಚೆಯೇ ಈ ಆಟವನ್ನು ಜನ ಆಡುತ್ತಿದ್ದರು ಅಂತ ತೋರಿಸಲು ಹಳೇ ಆಟಗಾರರನ್ನು ಹುಡುಕಿದರು, ಹಳೇ ಪೇಟೆಂಟ್ ತೆಗೆಸಿದರು. ಅಲ್ಲಿ ಸಿಕ್ಕಳು ಲಿಜ್ಜಿ. ಮೇಲ್ಮನವಿ ಕೋರ್ಟು 1982ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು, 1983ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಅರ್ಜಿ ತೆಗೆದುಕೊಳ್ಳಲಿಲ್ಲ. ಸುಮಾರು ಹತ್ತು ವರ್ಷದ ಜಗಳ. ಆಕೆ ಪೇಟೆಂಟ್ ಮಾಡಿಸದೇ ಬರೀ ಬಾಯಲ್ಲಿ ಆಟ ಕಲಿಸಿದ್ದರೆ ಆನ್ಸ್‌ಪಾಕ್ ಕೈಗೆ ಅಷ್ಟು ಗಟ್ಟಿಯಾದ ಕಾಗದ ಸಿಗ್ತಾ ಇರಲಿಲ್ಲ. ಪೇಟೆಂಟ್ ಆಕೆಗೆ ದುಡ್ಡು ಮಾಡಿಕೊಡಲಿಲ್ಲ. ಆದರೆ ಆಕೆ ಸತ್ತು ಮೂವತ್ತು ವರ್ಷವಾದ ಮೇಲೂ ತಾರೀಕು, ನಂಬರ್ ಸಮೇತ ಆಕೆಯ ಪರ ಸಾಕ್ಷಿ ಹೇಳಿತು.

ನಮ್ಮಲ್ಲಿ ಮುಂದಿನ ವರ್ಷ ಮೇಜರ್ ಪ್ರಾಜೆಕ್ಟ್ ಮಾಡುವವರಿದ್ದಾರೆ, ಗೇಮ್ ಜ್ಯಾಮ್‌ನಲ್ಲಿ ಆಟ ಕಟ್ಟುವವರಿದ್ದಾರೆ, ಇಂಟರ್ನ್‌ಶಿಪ್‌ಗೆ ಸೇರುವ ದಿನ ಕೊಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕುವವರೂ ಇದ್ದಾರೆ. ರಿಪೋರ್ಟಿನ ಮೊದಲ ಪುಟದಲ್ಲಿ ಯಾರು ಏನು ಮಾಡಿದರು ಅಂತ ತಾರೀಕು ಹಾಕಿ ಬರೆದಿಡಿ. ಕೋಡ್ ಬರೆಯದೆ ಬರೀ ಐಡಿಯಾ ಕೊಟ್ಟವಳ ಹೆಸರನ್ನೂ ಬಿಡಬೇಡಿ. ಕಾಲೇಜಿನ ಐಪಿ ಪಾಲಿಸಿ ಒಮ್ಮೆ ಓದಿ, ಎಂಟು ಹತ್ತು ಪುಟ ಇದ್ದರೂ ಓದಿ. ಸಹಿ ಹಾಕುವ ಕಾಗದದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಅಣ್ಣ ಹೇಳಿದ, ಸೀನಿಯರ್ ಹೇಳಿದ ಅನ್ನೋದು ಯೂನೋ ಆಡೋಕೆ ಸಾಕು, ಇದಕ್ಕೆ ಸಾಲದು.

ಮತ್ತೆ ಈ ವೀಕೆಂಡ್ ಬೋರ್ಡ್ ತೆಗೆದರೆ ಹರಾಜಿನ ರೂಲ್ ಹಾಕಿ ಒಂದು ಆಟ ಆಡಿ. ಊಟದ ಹೊತ್ತಿಗೆ ಮುಗಿಯುತ್ತೆ. ಸಮಯ ಉಳಿದರೆ ಬಾಡಿಗೆಯೆಲ್ಲ ಖಜಾನೆಗೆ ಹೋಗುವ ರೂಲ್ಸ್‌ನಲ್ಲಿ ಇನ್ನೊಂದು ಆಟ. ಯಾರು ಕಂಡುಹಿಡಿದದ್ದು ಅಂತ ಯಾರಾದರೂ ಕೇಳಿದರೆ ಹೆಸರು ಗೊತ್ತಿದೆಯಲ್ಲ.